ಬೀಗಿತಿಗೆ ಬೊಗೊಟಾ ತೋರಿಸಿದ್ದು

ಬೊಗೊಟಾ ನೋಡಲು ಬರುವವರಿಗೆ ನಾನು ಹೇಳುವ ಮೊದಲ ಮಾತು: ಪಪ್ಪಾಯಿ ಕೊಡಬೇಡಿ. ನಮ್ಮಲ್ಲಿ ತೊಟ್ಟಿಲ ಮಗುವಿಗೂ ಈ ಮಾತು ಗೊತ್ತು. ಹಣ್ಣನ್ನು ಹೋಳು ಮಾಡಿ ಎದುರಿಗಿಟ್ಟರೆ ಯಾರು ತಾನೇ ತಿನ್ನದೆ ಬಿಟ್ಟಾರು? ಫೋನನ್ನು ಕೈಯಲ್ಲಿ ಹಿಡಿದು ನಡೆಯುವುದು, ಚೀಲವನ್ನು ಬೆನ್ನಿಗೆ ಹಾಕಿಕೊಳ್ಳುವುದು, ದಾರಿ ಕೇಳಿದವನ ಮುಖ ನೋಡಿ ನಗುವುದು, ಎಲ್ಲವೂ ಪಪ್ಪಾಯಿ ಕೊಟ್ಟ ಹಾಗೆಯೇ. ಕಳೆದುಕೊಂಡ ಮೇಲೆ ಅಳುತ್ತ ಹೋದರೆ ಪೊಲೀಸರೂ ಮೊದಲು ಕೇಳುವುದು "ಯಾಕಮ್ಮ ಕೊಟ್ಟಿರಿ?" ಎಂದೇ.

ನನ್ನ ಹೆಸರು ಓಲಿವಾ. ರೆಸ್ತ್ರೆಪೋ ಬಡಾವಣೆಯ ಒಂದು ಬೇಕರಿಯ ಗಲ್ಲಾದಲ್ಲಿ ಕೂತು ಅರ್ಧ ಆಯುಷ್ಯ ಕಳೆದವಳು. ಕೈಗೆ ಬಂದ ಪ್ರತಿ ನೋಟನ್ನೂ ಬೆಳಕಿಗೆ ಹಿಡಿದು ನೋಡಿದ್ದೇನೆ. ಆ ಅಭ್ಯಾಸ ಕಣ್ಣಿಗೆ ಅಂಟಿಕೊಂಡಿದೆ, ಈಗ ಮನುಷ್ಯರನ್ನೂ ಹಾಗೆಯೇ ನೋಡುತ್ತೇನೆ. "ನಮ್ಮಮ್ಮ ಬಾಗಿಲನ್ನೂ ನಂಬಲ್ಲ, ಅದಕ್ಕೇ ಮೂರು ಬೀಗ" ಎಂದು ಮಗಳು ಜಿನೆತ್ ನೆಂಟರೆದುರು ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ಆ ಮೂರು ಬೀಗದ ಮನೆಯಿಂದ ಇದುವರೆಗೆ ಒಂದು ಚಮಚವೂ ಕಳೆದಿಲ್ಲ.

ಅಂಥ ಮನೆಗೆ ಬೀಗಿತಿ ಬಂದಳು.

ಅಳಿಯ ರೋಬಿನ್ಸನ್‌ನ ತಾಯಿ. ಹೆಸರು ನೂರಿಸ್. ಕರಾವಳಿ ಸೀಮೆಯ ಲೊರಿಕಾ ಎಂಬ ಹೊಳೆದಂಡೆಯ ಊರಿನವಳು. ಆ ಕಡೆಯವರದು ಗಟ್ಟಿ ಬಾಯಿ, ಮಾತಿನ ಕೊನೆಯನ್ನು ನುಂಗುತ್ತಾರೆ, ಕಂಡವರಿಗೆಲ್ಲ 'ನೀನು' ಎನ್ನುತ್ತಾರೆ. ನಾವು ಬೊಗೊಟಾದವರು ಕಟ್ಟಿಕೊಂಡ ಗಂಡನಿಗೂ 'ನೀವು', ಸಾಕಿದ ನಾಯಿಗೂ 'ನೀವು'. ಮಕ್ಕಳ ಮದುವೆಯ ದಿನವೇ ಅವಳು ನನ್ನನ್ನು ಉಸಿರುಗಟ್ಟುವ ಹಾಗೆ ತಬ್ಬಿಕೊಂಡು, "ಓಲಿವಾ, ನೀನೇನೇ ಇಷ್ಟು ತೆಳ್ಳಗಿದೀಯ, ಊಟ ಹಾಕಲ್ವ ನಿನಗೆ?" ಎಂದಿದ್ದಳು. ಅಂದಿನಿಂದ ನಾನು ಅವಳ ಹೆಸರು ಹಿಡಿದು ಕರೆದದ್ದಿಲ್ಲ. 'ಬೀಗರೇ' ಎಂದರೆ ಗೌರವಕ್ಕೆ ಗೌರವವೂ ಆಯಿತು, ದೂರಕ್ಕೆ ದೂರವೂ ಆಯಿತು.

ಜಿನೆತ್ ತುಂಬು ಬಸುರಿ. ಇನ್ನೂ ಎರಡು ವಾರವಿದೆ ಎಂದು ಡಾಕ್ಟರು ಹೇಳಿದ್ದರು. ನಲವತ್ತು ದಿನದ ಬಾಣಂತನ ನನ್ನ ಮನೆಯಲ್ಲಿ, ನನ್ನ ಕೈಯಿಂದ ಎಂದು ನಾನು ಎಂದೋ ತೀರ್ಮಾನಿಸಿದ್ದೆ. ಸಾರಿಗೆ ನಾಟಿ ಕೋಳಿ ತಂದಿಟ್ಟಿದ್ದೆ, ಕಿಟಕಿಗೆ ದಪ್ಪ ಪರದೆ ಹೊಲಿಸಿದ್ದೆ, ಹಳದಿ ಉಣ್ಣೆಯಲ್ಲಿ ಪುಟ್ಟ ಕಾಲುಚೀಲ ಹೆಣೆದಿದ್ದೆ. ಇದಕ್ಕೊಂದು ಕಾರಣವೂ ಇದೆ. ಜಿನೆತ್ ಹುಟ್ಟಿದಾಗ ನನ್ನ ಹತ್ತಿರ ಯಾರೂ ಇರಲಿಲ್ಲ. ನನ್ನ ತಾಯಿ ಬರುತ್ತೇನೆ ಎಂದಿದ್ದಳು, ಗುಡ್ಡ ಕುಸಿದು ದಾರಿ ಮುಚ್ಚಿತ್ತು. ನಾನು ಬಾಗಿಲ ಕಡೆ ನೋಡುತ್ತ ನೋಡುತ್ತ ಹೆತ್ತೆ. ನನ್ನ ಮಗಳು ಹಾಗೆ ಹೆರಬಾರದು, ಅವಳ ಮಗುವನ್ನು ಮೊದಲು ಎತ್ತಿಕೊಳ್ಳುವ ಕೈ ನನ್ನದೇ ಆಗಬೇಕು. ನನಗಿದ್ದ ಆಸೆ ಇದೊಂದೇ.

ಬೀಗಿತಿ ಬಂದದ್ದು ಸರಿಯಾಗಿ ಆ ಹೊತ್ತಿಗೆ. "ರಾಜಧಾನಿ ಅಂತ ಕೇಳಿದ್ದೇ ಆಯ್ತು, ಒಂದ್ಸಲ ನೋಡ್ಕೊಂಡು ಹೋಗೋಣ ಅಂತ" ಎಂದಳು. ಬಸುರಿ ಸೊಸೆ ಮನೆಯಲ್ಲಿರುವಾಗ ಊರು ನೋಡಲು ಬಂದೆ ಎಂದರೆ ನಂಬುವುದಕ್ಕೆ ನಾನೇನು ಕಿವಿಗೆ ಹೂವು ಇಟ್ಟುಕೊಂಡಿದ್ದೇನೆಯೇ? ಅವಳ ಜೊತೆ ಹಗ್ಗದಿಂದ ಬಿಗಿದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯೂ ಬಂದಿತ್ತು.

"ಏನಿದೆ ಬೀಗರೇ ಇದರಲ್ಲಿ?"

"ಏನಿಲ್ಲ ಕಣೇ, ಹಳೇ ಬಟ್ಟೆ" ಎಂದು ಕಾಲಿನಿಂದಲೇ ಮಂಚದ ಕೆಳಗೆ ತಳ್ಳಿದಳು.

ಹಳೇ ಬಟ್ಟೆಗೆ ಅಷ್ಟು ಗಂಟು ಯಾರು ಹಾಕುತ್ತಾರೆ? ಮರುದಿನ ಬೆಳಿಗ್ಗೆ ಅವಳು ಅಂಗಳದಲ್ಲಿ ನಿಂತು ಫೋನಿನಲ್ಲಿ ಪಿಸುಗುಡುತ್ತಿದ್ದಳು. ಕರಾವಳಿಯವರ ಪಿಸುಮಾತು ಎಂದರೆ ನಮ್ಮ ಮಾಮೂಲು ಮಾತಿನಷ್ಟು ಗಟ್ಟಿ. ನಾನು ಒಗೆದ ಬಟ್ಟೆ ಹಿಂಡುತ್ತ ಎಲ್ಲ ಕೇಳಿಸಿಕೊಂಡೆ. "ಇನ್ನೂ ಹೇಳಿಲ್ಲ... ಓಲಿವಾಗೆ ಗೊತ್ತಾದ್ರೆ ಮನೆ ಹತ್ತಿ ಉರಿಯುತ್ತೆ... ವ್ಯಾನಿನವನಿಗೆ ಹೇಳಿಟ್ಟಿರು." ಸಂಜೆ ಜಿನೆತ್‌ಳ ತಲೆ ಬಾಚುತ್ತ ಕೂತವಳು, "ನಮ್ಮೂರಲ್ಲಾದ್ರೆ ಕೂಸು ಬರೀ ಮೈಯಲ್ಲಿ ಗಾಳಿಗೆ ಮಲಗುತ್ತೆ. ಇಲ್ಲಿ ಪಾಪ, ಈರುಳ್ಳಿ ಥರ ಸುತ್ತಿ ಸುತ್ತಿ ಇಡ್ಬೇಕು" ಎಂದಳು. ಜಿನೆತ್ ನಕ್ಕಳು. ನನಗೆ ನಗು ಬರಲಿಲ್ಲ. ಇವಳು ಬಂದಿರುವುದು ನನ್ನ ಮಗಳನ್ನೂ ಮಗುವನ್ನೂ ವ್ಯಾನಿಗೆ ಹತ್ತಿಸಿಕೊಂಡು ಹೋಗುವುದಕ್ಕೇ ಎಂದು ನನಗೆ ಖಚಿತವಾಯಿತು.

ಹೀಗಿರುವಾಗ ಆ ಮಂಗಳವಾರ ಬೆಳಿಗ್ಗೆ ಜಿನೆತ್, "ಅಮ್ಮ, ಅತ್ತೇನ ಕರ್ಕೊಂಡು ಹೋಗಿ ಊರು ತೋರ್ಸಿ. ಪಾಪ, ಬಂದಾಗಿಂದ ನಾಲ್ಕು ಗೋಡೆ ನೋಡ್ತಿದಾರೆ. ನಾನು ಸ್ವಲ್ಪ ಮಲಗ್ತೀನಿ, ರೋಬಿನ್ಸನ್ ಇದಾರಲ್ಲ" ಎಂದಳು. ನಮ್ಮಿಬ್ಬರನ್ನೂ ಮನೆಯಿಂದ ಹೊರಹಾಕುವ ಉಪಾಯ ಎಂದು ಗೊತ್ತಾಯಿತು. ಆದರೂ ಒಪ್ಪಿದೆ. ಬೀಗಿತಿ ನನ್ನ ಕಣ್ಣೆದುರಿಗಿದ್ದಷ್ಟು ಹೊತ್ತು ಮಗಳ ಕಿವಿ ಊದಲಾರಳು.

ಹೊರಡುವ ಮುಂಚೆ ಅವಳನ್ನು ತಯಾರು ಮಾಡಿದೆ. ಕಿವಿಯ ಓಲೆ ಬಿಚ್ಚಿಸಿದೆ. ಗುರುತಿನ ಚೀಟಿ ಮನೆಯಲ್ಲಿರಲಿ, ಅದರ ಜೆರಾಕ್ಸ್ ಸಾಕು ಎಂದೆ. ಅವಳ ಫೋನನ್ನು ಕಿತ್ತುಕೊಂಡು, ಆಫ್ ಮಾಡಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ.

"ಅನ್ನದ ಜೊತೆ ಬೇಯಿಸ್ತೀಯ ಅದನ್ನ?"

"ಬೀಗರೇ, ಇದು ಲೊರಿಕಾ ಅಲ್ಲ. ಇಲ್ಲಿ ಎರಡು ಫೋನ್ ಇರ್ಬೇಕು. ಒಂದು ನಮಗೆ, ಒಂದು ಕಳ್ಳನಿಗೆ." ನನ್ನ ಕೈಚೀಲದಲ್ಲಿದ್ದ ಕೆಟ್ಟುಹೋದ ಹಳೆಯ ಫೋನು ತೋರಿಸಿದೆ. ಚಾಕು ತೋರಿಸಿದರೆ ಅದನ್ನು ಕೊಟ್ಟು ಕೈಮುಗಿಯುವುದು. ನಿಜವಾದದ್ದು ರವಿಕೆಯೊಳಗೆ, ಎದೆಗೆ ಒತ್ತಿಕೊಂಡಿರುತ್ತದೆ.

"ಕಳ್ಳನಿಗೂ ನೀನು ಸುಳ್ಳು ಹೇಳ್ತೀಯ" ಎಂದು ಅವಳು ತಲೆ ಅಲ್ಲಾಡಿಸಿದಳು.

ಬಾಗಿಲಲ್ಲಿ ನಿಂತು ಮಗಳಿಗೆ ಹೇಳಿದೆ, "ಗುಟ್ಟಿನ ಮಾತು ನೆನಪಿದೆಯಾ?" ಅವಳು ಹಾಸಿಗೆಯಿಂದಲೇ "ಹೂಂ ಅಮ್ಮ, ಹೋಗಿ ಬನ್ನಿ" ಎಂದು ಆಕಳಿಸಿದಳು.

ಗುಟ್ಟಿನ ಮಾತಿನ ಕಥೆ ಹೀಗೆ. ಪಕ್ಕದ ಮನೆಯ ದೊನ್ಯಾ ಕಾರ್ಮೆನ್ಸಾಗೆ ಒಂದು ದಿನ ಫೋನು ಬಂತು. ಗಂಡು ದನಿಯೊಂದು ಅಳುತ್ತ, "ಚಿಕ್ಕಮ್ಮ, ಅಪಘಾತ ಆಗಿದೆ, ಆಸ್ಪತ್ರೇಲಿದೀನಿ, ಬೇಗ ಬನ್ನಿ" ಎಂದಿತು. ಅಕ್ಕನ ಮಗನೇ ಎಂದುಕೊಂಡು ಆಕೆ ಇದ್ದಬದ್ದ ಬಂಗಾರವನ್ನೆಲ್ಲ ಆಸ್ಪತ್ರೆಯ ಗೇಟಿಗೆ ಒಯ್ದು ಕೊಟ್ಟು ಬಂದಳು. ಅಕ್ಕನ ಮಗ ಆಗ ತನ್ನ ಮನೆಯಲ್ಲಿ ಫುಟ್ಬಾಲ್ ನೋಡುತ್ತಿದ್ದ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಗುಟ್ಟಿನ ಮಾತು. ಗೊತ್ತಿಲ್ಲದ ನಂಬರಿನಿಂದ ಯಾರೇ ಫೋನು ಮಾಡಲಿ, ಅದನ್ನು ಹೇಳದಿದ್ದರೆ ಅವರು ನಮ್ಮವರಲ್ಲ. ಒಂದೇ ಮಾತು ಬಹಳ ದಿನ ಇದ್ದರೆ ಹೊರಗೆ ಸೋರುತ್ತದೆ, ಹಾಗಾಗಿ ತಿಂಗಳ ಮೊದಲ ಭಾನುವಾರ ಊಟದ ಹೊತ್ತಿಗೆ ನಾನು ಬದಲಾಯಿಸುತ್ತೇನೆ. ಹೋದ ತಿಂಗಳು 'ಹಸಿ ಬಟಾಣಿ' ಇತ್ತು. ಮೊನ್ನೆ ಭಾನುವಾರ 'ಹಳದಿ ಕಾಲುಚೀಲ' ಎಂದು ಇಟ್ಟಿದ್ದೆ.

ಕೆಂಪು ಬಸ್ಸಿನಲ್ಲಿ ಊರ ನಡುಭಾಗದ ಕಡೆ ಹೊರಟೆವು. ಚೀಲವನ್ನು ಎದೆಗೆ ಕಟ್ಟಿಕೊಳ್ಳಿ ಎಂದರೆ ಬೀಗಿತಿ, "ಅಲ್ಲಿ ಮೊದಲೇ ಜಾಗ ಇಲ್ಲ" ಎಂದು ತನ್ನ ಎದೆ ತೋರಿಸಿ ನಕ್ಕಳು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಎರಡು ನಿಲ್ದಾಣ ದಾಟುವಷ್ಟರಲ್ಲಿ ಪಕ್ಕದವಳ ಮೂರು ಮಕ್ಕಳ ಹೆಸರು, ಗಂಡನ ಮೊಣಕಾಲು ನೋವು ಎಲ್ಲ ತಿಳಿದುಕೊಂಡು, ನನ್ನ ಬಡಾವಣೆಯ ಹೆಸರನ್ನೂ ಹೇಳಿಬಿಟ್ಟಳು. ಇನ್ನು ಬೀದಿಯ ಹೆಸರು ಹೇಳುತ್ತಾಳೆ ಎನ್ನುವಾಗ ಅವಳ ಪಾದ ತುಳಿದೆ.

ಬೊಲಿವಾರ್ ಚೌಕದಲ್ಲಿ ಪಾರಿವಾಳಗಳಿಗೆ ಜೋಳ ಎರಚಿ, ತಲೆಗೊಂದು ಭುಜಕ್ಕೊಂದು ಕೂರಿಸಿಕೊಂಡಳು. ನಾನು ಅವಳಿಗೆ ಬೆನ್ನು ಕೊಟ್ಟು, ಸುತ್ತ ಕಣ್ಣಿಟ್ಟು ಕಾವಲು ನಿಂತೆ. ಊರು ನೋಡಲು ಬಂದವರು ಮೇಲೆ ನೋಡುತ್ತಾರೆ, ಊರಿನವರು ಅವರ ಜೇಬು ನೋಡುತ್ತಾರೆ. ಚರ್ಚಿನ ಗೋಪುರ ಎಲ್ಲಿಗೂ ಹೋಗುವುದಿಲ್ಲ, ಅದನ್ನು ಆಮೇಲೆ ಪೋಸ್ಟ್‌ಕಾರ್ಡಿನಲ್ಲಿ ನೋಡಬಹುದು. ಮುಂದಿನ ಬೀದಿಯಲ್ಲಿ ಒಬ್ಬ ಹುಡುಗಿ ಅವಳ ಕೈಗೆ ಊಟದ ಮನೆಯ ಜಾಹೀರಾತಿನ ಕಾಗದ ಕೊಡಲು ಬಂದಳು. ನಾನು ಪಟ್ಟನೆ ಹೊಡೆದು ಕೆಳಗೆ ಬೀಳಿಸಿದೆ.

"ಕಾಗದಕ್ಕೆ ಪುಡಿ ಸವರಿರ್ತಾರೆ ಬೀಗರೇ. ಮುಟ್ಟಿದ್ರೆ ಬುದ್ಧಿ ಮಂಕಾಗುತ್ತೆ. ಅವರು ಏನು ಹೇಳಿದ್ರೂ ಹೂಂ ಹೂಂ ಅಂತ ಹಿಂದೆ ಹೋಗ್ತೀರ."

"ಹಾಗಾದ್ರೆ ನಿನಗೆ ಸವರ್ಬೇಕಿತ್ತು. ಒಂದ್ಸಲನಾದ್ರೂ ಹೂಂ ಅಂತಿದ್ದೆ."

ಬಿಸಿ ಚಾಕಲೇಟು ಕುಡಿಯಲು ಒಂದು ಹಳೆಯ ಅಂಗಡಿಗೆ ಕರೆದೊಯ್ದೆ, ಗೋಡೆಗೆ ಒರಗಿ ಬಾಗಿಲು ಕಾಣುವ ಹಾಗೆ ಕೂತೆ. ಚೀಸಿನ ತುಂಡನ್ನು ಲೋಟದೊಳಗೆ ಮುಳುಗಿಸುವುದು ಕಂಡು ಅವಳು ಮೂಗು ಮುರಿದಳು, ಆಮೇಲೆ ನನ್ನ ಪಾಲಿನದನ್ನೂ ತಿಂದಳು. ತಿನ್ನುತ್ತ ತಿನ್ನುತ್ತ ಕೇಳಿದಳು, "ಜಿನೆತ್ ಹುಟ್ಟಿದಾಗ ನಿನ್ನ ಹತ್ರ ಯಾರಿದ್ರು?"

ಯಾಕೆ ಕೇಳುತ್ತಾಳೆ? ಬಾಣಂತನ ಮಾಡಿಸಿಕೊಂಡೇ ಗೊತ್ತಿಲ್ಲದವಳಿಗೆ ಮಾಡುವುದೇನು ಗೊತ್ತು ಎಂದು ನಾಳೆ ಹೇಳುವುದಕ್ಕಿರಬೇಕು. "ಎಲ್ಲ ಇದ್ರು" ಎಂದೆ. ಪಪ್ಪಾಯಿ ಕೊಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಂತಿಯ ಮೇಲೆ ಸಾಗುವ ತೂಗುಡಬ್ಬಿ ಹತ್ತಿ ಮೊನ್ಸೆರಾತೆ ಬೆಟ್ಟದ ತುದಿಗೆ ಹೋದೆವು. ಮೇಲಿನಿಂದ ಇಡೀ ಊರು ಕಾಣುತ್ತದೆ, ಕೊನೆಯೇ ಕಾಣುವುದಿಲ್ಲ. ಬೀಗಿತಿ ಮೊದಲ ಸಲ ಬಾಯಿ ಮುಚ್ಚಿಕೊಂಡು ನಿಂತಳು. "ಎಷ್ಟು ಮನೆ" ಎಂದಳು. "ಇಲ್ಲಿಂದ ನೋಡಿದ್ರೆ ಪಾಪದ ಊರಿನ ಹಾಗೆ ಕಾಣುತ್ತೆ. ಮೋಸ ಹೋಗ್ಬೇಡಿ" ಎಂದೆ.

ಆಗ ನನ್ನ ಎದೆಯೊಳಗೆ ಫೋನು ನಡುಗಿತು.

ಗೊತ್ತಿಲ್ಲದ ನಂಬರು. ಬೇರೆ ದಿನವಾಗಿದ್ದರೆ ಎತ್ತುತ್ತಿರಲಿಲ್ಲ. ಬಸುರಿ ಮಗಳು ಮನೆಯಲ್ಲಿರುವಾಗ ಎತ್ತದೆ ಇರುವುದು ಹೇಗೆ? ಎತ್ತಿ, ಉಸಿರು ಬಿಡದೆ ಕಿವಿಗಿಟ್ಟುಕೊಂಡೆ. ಮೊದಲು ಆ ಕಡೆಯವರು ಮಾತಾಡಬೇಕು.

"ಅತ್ತೆ? ನೀರು ಒಡೆದುಬಿಡ್ತು ಅತ್ತೆ, ಆಸ್ಪತ್ರೆಗೆ ಹೋಗ್ತಿದೀವಿ, ಬೇಗ ಬನ್ನಿ."

"ಯಾರು ಮಾತಾಡ್ತಿರೋದು?"

"ನಾನು ಅತ್ತೆ, ರೋಬಿನ್ಸನ್."

"ರೋಬಿನ್ಸನ್ ನಂಬರ್ ನನ್ನ ಹತ್ರ ಇದೆ. ಇದು ಅದಲ್ಲ."

"ಗಡಿಬಿಡೀಲಿ ಮನೇಲೇ ಬಿಟ್ಟು ಬಂದೆ, ಜಿನೆತ್‌ದು ಚಾರ್ಜ್ ಹೋಗಿದೆ. ಇದು ಟ್ಯಾಕ್ಸಿಯವರದ್ದು. ಅಮ್ಮನ ಫೋನ್ ಹೋಗ್ತಿಲ್ಲ, ಅದಕ್ಕೇ ನಿಮಗೆ..." ದನಿ ಅಳುವಂತಿತ್ತು.

ಅಳುವ ಗಂಡು ದನಿ, ಆಸ್ಪತ್ರೆ, ಬೇಗ ಬನ್ನಿ. ದೊನ್ಯಾ ಕಾರ್ಮೆನ್ಸಾಗೆ ಬಂದ ಮಾತುಗಳೇ, ಒಂದಕ್ಷರ ಹೆಚ್ಚು ಕಡಿಮೆ ಇಲ್ಲ. "ಗುಟ್ಟಿನ ಮಾತು ಹೇಳಿ" ಎಂದೆ.

"ಅಯ್ಯೋ ಅತ್ತೆ, ಈಗ ಅದೆಲ್ಲ... ಏನೋ ತರಕಾರಿ ಹೆಸರಲ್ವ..."

ಫೋನು ಇಟ್ಟೆ. ಕೂಡಲೇ ಜಿನೆತ್‌ಳ ನಂಬರಿಗೆ ಮಾಡಿದೆ. ಸ್ವಿಚ್ ಆಫ್. ಅದೂ ಲೆಕ್ಕಕ್ಕೆ ಸರಿಯೇ. ಕಳ್ಳರು ಮೊದಲು ಮನೆಯವರ ಫೋನು ಸತ್ತಿರುವ ಹಾಗೆ ನೋಡಿಕೊಂಡೇ ಆಟ ಶುರು ಮಾಡುವುದು. ಅಷ್ಟರಲ್ಲಿ ಅದೇ ನಂಬರಿನಿಂದ ಮತ್ತೆ ಬಂತು.

"ಅಮ್ಮ." ಜಿನೆತ್‌ಳ ದನಿ. ದೊಡ್ಡ ಉಸಿರು. "ಅಮ್ಮ, ಹಸಿ ಬಟಾಣಿ. ಹಸಿ ಬಟಾಣಿ ಅಮ್ಮ, ಬನ್ನಿ."

ನನ್ನ ಕಾಲು ತೂಗುಡಬ್ಬಿಯ ಕಡೆ ತಿರುಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ತಲೆ ಹಿಡಿದು ನಿಲ್ಲಿಸಿತು. ಈಗ ಯಂತ್ರಗಳು ಯಾರ ದನಿಯನ್ನಾದರೂ ನಕಲು ಮಾಡುತ್ತವೆ ಎಂದು ರೇಡಿಯೋದಲ್ಲಿ ಹೇಳಿರಲಿಲ್ಲವೇ? ಹೋದ ತಿಂಗಳ ಮಾತು ಗೊತ್ತಿದೆ ಎಂದರೆ ತಿಂಗಳಿನಿಂದ ನಮ್ಮ ಮನೆಗೆ ಕಿವಿ ಕೊಟ್ಟಿದ್ದಾರೆ.

"ಅದು ಹೋದ ತಿಂಗಳದ್ದು" ಎಂದೆ.

ಅದೇ ದನಿ "ಅಮ್ಮ, ನೋವು" ಎಂದಿತು. ನಾನು ಫೋನು ಕಟ್ ಮಾಡಿ, ಆ ನಂಬರಿನಿಂದ ಮತ್ತೆ ಕರೆ ಬಾರದ ಹಾಗೆ ಬ್ಲಾಕ್ ಮಾಡಿದೆ. ಮೋಸ ಹೋಗದೆ ಉಳಿದೆ ಎಂದುಕೊಂಡು ಫೋನನ್ನು ಮತ್ತೆ ರವಿಕೆಯೊಳಗೆ ಸೇರಿಸಿದೆ.

ಬೀಗಿತಿ ನನ್ನ ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದಳು. "ಅದು ಜಿನೆತ್" ಎಂದಳು.

"ಜಿನೆತ್ ಥರ ಇರೋ ದನಿ."

"ಮೊದಲು ಮಾತಾಡಿದ್ದು ನನ್ನ ಮಗ. ಹುಟ್ಟಿದಾಗಿಂದ ಅವನ ಅಳು ಕೇಳಿದೀನಿ ನಾನು."

"ಹಾಗೇ ಅನ್ಸೋ ಹಾಗೆ ಮಾಡ್ತಾರೆ ಬೀಗರೇ. ಈಗ ಹೋದ್ರೆ ಆಸ್ಪತ್ರೆ ಗೇಟಲ್ಲಿ ಕಾಯ್ತಿರ್ತಾರೆ. ಡಾಕ್ಟರು ಇನ್ನೂ ಎರಡು ವಾರ ಅಂದಿದಾರೆ."

"ಕೂಸಿಗೆ ಡಾಕ್ಟರ ಮಾತು ಕೇಳಿಸುತ್ತಾ?" ಅವಳು ಆಗಲೇ ಶಾಲು ಹೊದ್ದುಕೊಂಡಿದ್ದಳು. "ನೋಡು ಓಲಿವಾ. ಸುಳ್ಳಾಗಿದ್ರೆ ನನಗೆ ಒಂದು ಸುತ್ತು ದಂಡ. ನಿಜ ಆಗಿದ್ರೆ?"

ನನಗೆ ಕೋಪ ಬಂತು. ಇದೂ ಅವಳದೇ ಆಟವಿದ್ದರೆ? ನನ್ನನ್ನು ಬೆಟ್ಟದ ಮೇಲೆ ಬಿಟ್ಟು, ಮಗನ ಜೊತೆ ಸೇರಿ ಮಗಳನ್ನು ವ್ಯಾನಿಗೆ ಹತ್ತಿಸಿದರೆ? "ನಾನು ಮನೆಗೆ ಹೋಗಿ ಕಣ್ಣಾರೆ ನೋಡ್ತೀನಿ. ನೀವು ಎಲ್ಲಿಗೆ ಬೇಕಾದ್ರೂ ಹೋಗಿ" ಎಂದೆ. ಇಬ್ಬರೂ ಒಂದೇ ಡಬ್ಬಿಯಲ್ಲಿ ಮಾತಿಲ್ಲದೆ ಇಳಿದೆವು. ಕೆಳಗೆ ಬಂದ ತಕ್ಷಣ ಅವಳು ರಸ್ತೆಗೆ ನುಗ್ಗಿ, ಎದುರಿಗೆ ಬಂದ ಮೊದಲ ಟ್ಯಾಕ್ಸಿಗೆ ಕೈ ಅಡ್ಡ ಹಿಡಿದಳು. ಬೊಗೊಟಾದಲ್ಲಿ ಬೀದಿಯಲ್ಲಿ ಹೋಗುವ ಟ್ಯಾಕ್ಸಿಗೆ ಕೈ ತೋರಿಸುವುದು ಎಂದರೆ ಹುಲಿಯನ್ನು ಲಿಫ್ಟ್ ಕೇಳಿದ ಹಾಗೆ. ಅವಳು ಮುಂದಿನ ಸೀಟಿನಲ್ಲೇ ಕೂತು, ಚಾಲಕನ ಭುಜ ತಟ್ಟಿ, "ಮಗನೇ, ಹೆರಿಗೆ ಆಸ್ಪತ್ರೆ, ಮೊನ್ನೆ ಸೊಸೆ ಜೊತೆ ತಪಾಸಣೆಗೆ ಹೋಗಿದ್ದೆ, ದಾರಿ ನಾನು ಹೇಳ್ತೀನಿ" ಎಂದು ಹೊರಟೇಹೋದಳು.

ನಾನು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ: ಜಿನೆತ್ ಮಲಗಿರುತ್ತಾಳೆ, ನನ್ನನ್ನು ಕಂಡು ಯಾಕಮ್ಮ ಇಷ್ಟು ಬೇಗ ಬಂದಿರಿ ಎನ್ನುತ್ತಾಳೆ.

ಮನೆಯ ಬಾಗಿಲಿಗೆ ಬಂದರೆ ಮೂರು ಬೀಗದಲ್ಲಿ ಒಂದನ್ನೂ ಹಾಕಿರಲಿಲ್ಲ, ಸುಮ್ಮನೆ ಎಳೆದುಕೊಂಡು ಹೋಗಿದ್ದರು. ಕಳ್ಳರು ನುಗ್ಗಿದ್ದಾರೆ ಎಂದೇ ನಾನು ಮೊದಲು ಎಣಿಸಿದ್ದು. ಛತ್ರಿ ಎತ್ತಿ ಹಿಡಿದು ಒಳಗೆ ಹೋದೆ. ಅಡುಗೆಮನೆಯ ನೆಲದ ಮೇಲೆ ನೀರು, ಅದರ ಮೇಲೆ ಅರ್ಧಕ್ಕೇ ಬಿಟ್ಟ ಒರಸುವ ಬಟ್ಟೆ. ರೋಬಿನ್ಸನ್‌ನ ಫೋನು ಚಾರ್ಜಿಗೆ ಹಾಕಿದಲ್ಲೇ ಇತ್ತು. ಹೆರಿಗೆಗೆಂದು ಕಟ್ಟಿಟ್ಟ ಚೀಲ ಇರಲಿಲ್ಲ. ಹಾಸಿಗೆಯ ಮೇಲೆ ಹಳದಿ ಕಾಲುಚೀಲ ಮಾತ್ರ ಬಿದ್ದಿತ್ತು, ಗಡಿಬಿಡಿಯಲ್ಲಿ ಮರೆತಿದ್ದರು.

ನನ್ನ ಮಗಳು ನೋವಿನಲ್ಲಿ ನನ್ನನ್ನು ಕರೆದಳು, ನಾನು ಅವಳಿಗೆ ತಾರೀಖು ಹೇಳಿ ಫೋನು ಇಟ್ಟೆ.

ಅಂಥ ಹೊತ್ತಿನಲ್ಲೂ ನನ್ನ ಕಣ್ಣು ಮಂಚದ ಕೆಳಗೆ ಹೋಯಿತು. ನಾನು ಅಂಥವಳೇ. ಹಗ್ಗ ಕತ್ತರಿಸಿ ಪೆಟ್ಟಿಗೆ ತೆರೆದೆ. ಬಣ್ಣದ ನೂಲಿನ ದೊಡ್ಡದೊಂದು ಜೋಲಿ, ಕರಾವಳಿಯವರು ಮಂಚ ಬಿಟ್ಟು ಮಲಗುವಂಥದು. ಅದರೊಳಗೆ ಸುತ್ತಿಟ್ಟ ಇನ್ನೊಂದು ಪುಟ್ಟ ಜೋಲಿ, ಕೂಸಿಗೆ. ಜೊತೆಗೆ ಜಿನೆತ್‌ಳ ಅಳತೆಯ ತೆಳು ಅಂಗಿಗಳು, ಬೊಗೊಟಾದ ಚಳಿಯಲ್ಲಿ ಯಾರೂ ಹಾಕದಂಥವು. ನನ್ನ ಅನುಮಾನ ನಿಜವಾಗಿತ್ತು. ಸಂತೋಷವೇನೂ ಆಗಲಿಲ್ಲ. ಕಾಲುಚೀಲ ಹಿಡಿದುಕೊಂಡು ಬೀದಿಗೆ ಓಡಿ, ಬಂದ ಮೊದಲ ಟ್ಯಾಕ್ಸಿಗೆ ಕೈ ಹಿಡಿದೆ. ಅದರ ನಂಬರನ್ನೂ ನೋಡಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. ಗಿಡ್ಡ ಮನುಷ್ಯ, ನನ್ನ ಕಣ್ಣಿನಂಥದೇ ಕಣ್ಣು.

"ಜಿನೆತ್‌ಳ ತಾಯಿ ನಾನು. ಹೆರಿಗೆಗೆ ಬಂದಿದಾಳೆ."

"ಗುರುತಿನ ಚೀಟಿ?"

ಜೆರಾಕ್ಸ್ ಕೊಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟ. "ಇದು ನಡೆಯಲ್ಲ ಅಮ್ಮ. ಅದೂ ಅಲ್ದೆ ಆಗಲೇ ಒಬ್ಬ ಅಜ್ಜೀನ ಅವರ ಮಗ ಬಂದು ಒಳಗೆ ಕರ್ಕೊಂಡು ಹೋಗಿದಾರೆ. ಒಬ್ಬರನ್ನೇ ಬಿಡೋದು."

"ನಾನು ಹೆತ್ತ ತಾಯಿ."

"ಎಲ್ಲರೂ ಹಾಗೇ ಅಂತಾರೆ. ಮೊನ್ನೆ ಒಬ್ಬಳು ಹಾಗೇ ಹೇಳ್ಕೊಂಡು ಒಳಗೆ ಹೋಗಿ ಮೂರು ಪರ್ಸ್ ಎತ್ಕೊಂಡು ಹೋದ್ಲು. ನಾವು ಹುಷಾರಾಗಿರ್ಬೇಕಲ್ಲ."

ನಾನಾಗಿದ್ದರೂ ಬಿಡುತ್ತಿರಲಿಲ್ಲ. ಕೈಮುಗಿದು, ಮೇಲೆ ಒಂದು ಮಾತು ಕೇಳಿ ಎಂದೆ. ನನ್ನ ಮುಖ ನೋಡಿ ಅವನಿಗೂ ಏನನ್ನಿಸಿತೋ, ಗೋಡೆಯ ಫೋನೆತ್ತಿ ಮಾತಾಡಿದ. ಕೇಳಿಸಿಕೊಂಡ. ಹುಬ್ಬು ಗಂಟಿಕ್ಕಿ ನನ್ನ ಕಡೆ ತಿರುಗಿದ.

"ಅದೇನೋ ಗುಟ್ಟಿನ ಮಾತು ಕೇಳಿ ಅಂತಿದಾರಂತೆ ಹುಡುಗಿ."

ಸಾಲಿನಲ್ಲಿ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. "ಹಳದಿ ಕಾಲುಚೀಲ" ಎಂದೆ. ಕೈಯಲ್ಲಿದ್ದುದನ್ನು ಎತ್ತಿಯೂ ತೋರಿಸಿದೆ.

ಅವನು ಗಂಭೀರವಾಗಿ ಅದನ್ನು ಫೋನಿಗೆ ಹೇಳಿದ. ಮತ್ತೆ ಕೇಳಿಸಿಕೊಂಡ. ಈ ಸಲ ನನ್ನ ಮುಖ ನೋಡಲಿಲ್ಲ. "ಅದಲ್ಲವಂತೆ ಅಮ್ಮ."

"ಅದೇ. ಇಟ್ಟವಳೇ ನಾನು."

"ಇವತ್ತು ಬದಲಾಗಿದೆಯಂತೆ."

ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಸಿದೆ. ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ, ಕೈಚೀಲ ಎಲ್ಲಿದೆ ಎಂದೂ ನೋಡದೆ. ಮಗಳು ಮಾಡಿದ್ದು ಸರಿಯಾಗಿಯೇ ಇತ್ತು, ನಾನು ಕಲಿಸಿದ್ದೇ ಅದು.

ಎಷ್ಟು ಹೊತ್ತಾಯಿತೋ, ಯಾರೋ ಪಕ್ಕದಲ್ಲಿ ಬಂದು ಕೂತರು. ಎದೆಯ ಮೇಲೆ ಆಸ್ಪತ್ರೆಯ ಚೀಟಿ ಅಂಟಿಸಿಕೊಂಡ ಬೀಗಿತಿ. ನನ್ನ ಚೀಲ ನೆಲದಲ್ಲಿ ಬಿದ್ದಿತ್ತು, ಎತ್ತಿ ನನ್ನ ಮಡಿಲಿಗಿಟ್ಟಳು.

"ಹೆಣ್ಣು. ಇಬ್ಬರೂ ಚೆನ್ನಾಗಿದಾರೆ. ಮೂಗು ನಿಂದೇ, ಪಾಪ."

"ನಿಮ್ಮ ಪೆಟ್ಟಿಗೆ ತೆಗೆದು ನೋಡಿದೆ" ಎಂದೆ.

"ಇಷ್ಟು ದಿನ ತಡ್ಕೊಂಡಿದ್ದೇ ಹೆಚ್ಚು."

"ಕರ್ಕೊಂಡು ಹೋಗೋಕೇ ಬಂದಿದ್ರಿ."

"ಹೌದು. ಅದಕ್ಕೇ ಬಂದಿದ್ದೆ. ಇವತ್ತು ಅವಳೇ ಬಾಯಿಬಿಟ್ಟು ಕೇಳಿದ್ಲು, ಅತ್ತೆ ನಿಮ್ಮೂರಿಗೆ ಕರ್ಕೊಂಡು ಹೋಗಿಬಿಡಿ ಅಂತ. ಹೂಂ ಅನ್ನೋಕೆ ಬಾಯಿ ತೆಗೆದಿದ್ದೆ." ಅವಳು ತನ್ನ ಕೈ ಚಾಚಿ ತೋರಿಸಿದಳು, ಮಣಿಕಟ್ಟಿನ ಮೇಲೆ ಉಗುರಿನ ಗುರುತು ಕೆಂಪಗಿತ್ತು. "ಆದ್ರೆ ಹೆರುವಾಗ ಹಿಡ್ಕೊಂಡಿದ್ದು ನನ್ನ ಕೈ, ನೋಡ್ತಿದ್ದಿದ್ದು ಬಾಗಿಲ ಕಡೆ. ಪೂರ್ತಿ ಹೊತ್ತೂ ಬಾಗಿಲ ಕಡೆನೇ. ಅದನ್ನ ನೋಡಿದ ಮೇಲೆ ಹೆಂಗೆ ಕರ್ಕೊಂಡು ಹೋಗ್ಲಿ ಹೇಳು."

ಆ ಬಾಗಿಲು ನನಗೆ ಗೊತ್ತಿತ್ತು.

ಅವಳು ನನ್ನ ಕಿವಿಯ ಹತ್ತಿರ ಬಗ್ಗಿದಳು. "ಹೊಸ ಗುಟ್ಟಿನ ಮಾತು ನೂರಿಸ್."

"ಅದು ನಿಮ್ಮ ಹೆಸರು."

"ಈಗ ಕೂಸಿಂದೂ ಅದೇ. ಸಿಟ್ಟಲ್ಲಿ ಇಟ್ಟಿದಾಳೆ. ನಾನು ಬೇಡ ಅಂದೆ."

ಅವಳ ಮುಖವನ್ನು ನೋಟಿನ ಹಾಗೆ ನೋಡಿದೆ. ನಿಜ ಹೇಳುತ್ತಿದ್ದಾಳೋ, ಊರ ಮುಂದೆ ನನ್ನ ಬಾಯಿಂದ ತನ್ನ ಹೆಸರು ಹೇಳಿಸಿ ನಗುತ್ತಾಳೋ? ಸುಳ್ಳಾಗಿದ್ದರೆ ನನಗೆ ಒಂದು ಸಲ ಅವಮಾನ. ನಿಜವಾಗಿದ್ದರೆ? ಎದ್ದು ಕಾವಲುಗಾರನ ಹತ್ತಿರ ಹೋಗಿ, "ನೂರಿಸ್" ಎಂದೆ. ಮಕ್ಕಳ ಮದುವೆಯಾದಾಗಿನಿಂದ ನನ್ನ ಬಾಯಿಗೆ ಬಾರದ ಹೆಸರು. ಅವನು ಮೇಲೆ ಹೇಳಿ, ಕೇಳಿಸಿಕೊಂಡು, "ಬರಲಿ ಅಂತೆ. ಆದ್ರೆ ಒಬ್ಬರೇ" ಎಂದ.

ಬೀಗಿತಿ ತನ್ನ ಎದೆಯ ಚೀಟಿ ಕಿತ್ತು ನನ್ನ ಎದೆಗೆ ಅಂಟಿಸಿ, ಅಂಗೈಯಿಂದ ಒತ್ತಿದಳು. ಅಲ್ಲಿ ಒಳಗಿದ್ದ ಫೋನು ಅವಳ ಕೈಗೆ ಸಿಕ್ಕಿತು, ನಕ್ಕಳು. ನಾನು ಚೀಲದಲ್ಲಿ ಕೈ ಹಾಕಿ ಮನೆಯ ಬೀಗದ ಕೈಗೊಂಚಲು ತೆಗೆದು ಅವಳ ಕೈಗಿಟ್ಟೆ. ಅದನ್ನು ನಾನು ಇದುವರೆಗೆ ಅಳಿಯನಿಗೂ ಕೊಟ್ಟಿಲ್ಲ.

"ಮೊದಲು ಮೇಲಿನ ಬೀಗ, ಆಮೇಲೆ ಕೆಳಗಿನದು. ನಡುವಿನದನ್ನ ಎಡಕ್ಕೆ ತಿರುಗಿಸಿ ಸ್ವಲ್ಪ ಎತ್ತಬೇಕು. ಕೋಳಿ ಫ್ರಿಜ್ಜಲ್ಲಿದೆ, ಸಾರು ಸಣ್ಣ ಉರಿಯಲ್ಲಿ ಆಗ್ಲಿ. ನಿನ್ನ ಜೋಲಿಗೆ ಅಂಗಳದಲ್ಲಿ ಎರಡು ಕಂಬ ಇದೆ, ನಲವತ್ತು ದಿನಕ್ಕೆ ಸಾಕು. ಚಿಕ್ಕದನ್ನ ಜಿನೆತ್ ಕೋಣೇಲಿ ಕಟ್ಟು."

ನಾನು 'ನಿನ್ನ' ಎಂದದ್ದು ಅವಳಿಗೆ ಕೇಳಿಸಿತು. ಗೊಂಚಲನ್ನು ಶಾಲಿನ ಸೆರಗಿಗೆ ಗಂಟು ಹಾಕಿಕೊಂಡಳು.

"ಒಳಗಿಂದ ಚಿಲಕ ಹಾಕ್ಕೋ" ಎಂದೆ. "ಯಾರು ಬಂದು ತಟ್ಟಿದ್ರೂ ತೆಗೀಬೇಡ."

"ನೀನು ಬಂದು ತಟ್ಟಿದ್ರೆ?"

"ಗುಟ್ಟಿನ ಮಾತು ಕೇಳು. ಹೇಳ್ತೀನಿ."